ಬಿಳಿ ಅಂಗಿಯವನೇ ಯಾಕೆ ಗೆಲ್ಲುತ್ತಾನೆ? ಜಪಾನಿನ ಬೋಟ್ ರೇಸ್ ನಡೆಯುವ ಬಗೆ

ಪ್ರಶ್ನೆ: ನಾನು ರಿಟೈರ್ ಆದ ಬ್ಯಾಂಕ್ ನೌಕರ. ಮಗ ಟೋಕಿಯೊದಲ್ಲಿ ಕೆಲಸದಲ್ಲಿದ್ದಾನೆ. ಅವನ ಮನೆಗೆ ಹೋಗಿದ್ದಾಗ ಒಂದು ಭಾನುವಾರ ಹೇವಾಜಿಮಾ ಎಂಬಲ್ಲಿಗೆ ಬೋಟ್ ರೇಸ್ ತೋರಿಸಲು ಕರೆದುಕೊಂಡು ಹೋದ. ನಾಲ್ಕು ರೇಸ್ ನೋಡಿದೆ. ತಲೆಬುಡ ಅರ್ಥವಾಗಲಿಲ್ಲ. ದೋಣಿಗಳು ಸಾಲಾಗಿ ನಿಲ್ಲಲೇ ಇಲ್ಲ, ಸುಮ್ನೆ ನೀರಲ್ಲಿ ಸುತ್ತಾಡುತ್ತಿದ್ದವು, ಇದ್ದಕ್ಕಿದ್ದಂತೆ ರೇಸ್ ಶುರುವಾಗಿಬಿಟ್ಟಿತ್ತು. ಎರಡು ರೇಸನ್ನು ಬಿಳಿ ಅಂಗಿಯವನೇ ಗೆದ್ದ. ಮೂರನೆಯದರಲ್ಲಿ ಮುಂದೆ ಓಡುತ್ತಿದ್ದ ಕೆಂಪು ಅಂಗಿಯವನು ಅರ್ಧದಲ್ಲೇ ಹೊರಗೆ ಹೋದ, ಅವನ ಮೇಲೆ ಹಾಕಿದವರಿಗೆ ದುಡ್ಡು ವಾಪಸ್ ಅಂದರು. ಕೊನೆಯದನ್ನು ನೀಲಿ ಅಂಗಿಯವನು ಗೆದ್ದ, ಪಕ್ಕದಲ್ಲಿದ್ದವರೊಬ್ಬರಿಗೆ ನೂರು ಯೆನ್ನಿಗೆ ಒಂಬತ್ತು ಸಾವಿರ ಬಂತು. ಬಿಳಿಯವನೇ ಜಾಸ್ತಿ ಗೆಲ್ಲುವುದಾದರೆ ಅವನ ಮೇಲೇ ಹಾಕುತ್ತಾ ಹೋದರೆ ಆಯಿತಲ್ಲ? ಇದೆಲ್ಲ ಮೊದಲೇ ಮಾತಾಡಿಕೊಂಡ ಆಟವೇ? ಮಗ ಇದರಲ್ಲಿ ಬಿದ್ದುಬಿಡುತ್ತಾನೋ ಎಂಬ ಭಯವೂ ಇದೆ.

ಉತ್ತರ: ನಿಮ್ಮ ನಾಲ್ಕು ರೇಸುಗಳಲ್ಲಿ ಈ ಆಟದ ಮುಕ್ಕಾಲು ಪಾಲು ಬಂದುಹೋಗಿದೆ. ಅವನ್ನೇ ಒಂದೊಂದಾಗಿ ಬಿಡಿಸಿ ಹೇಳುತ್ತೇನೆ. ನಾನು ಮಲ್ಪೆ ಕಡೆಯವನು. ನಾಡದೋಣಿಯ ಹಿಂದೆ ಕಟ್ಟುವ ಔಟ್‌ಬೋರ್ಡ್ ಎಂಜಿನ್ ಬಿಚ್ಚಿ ಕೂಡಿಸುವುದನ್ನು ನೋಡುತ್ತಲೇ ಬೆಳೆದವನು. ಜಪಾನಿನಲ್ಲಿ ಕೆಲಸಕ್ಕೆ ಹೋದಾಗ ಮೊದಲು ನನ್ನನ್ನು ಎಳೆದದ್ದು ಬಾಜಿ ಅಲ್ಲ, ಆ ಎಂಜಿನ್ ಸದ್ದು. ಆಮೇಲೆ ವರ್ಷಗಟ್ಟಲೆ ಬಿಡದೆ ನೋಡಿದೆ. ಎಂಜಿನ್ ದೊಡ್ಡದೇನಲ್ಲ. ಎರಡು ಸಿಲಿಂಡರಿನ, 400 ಸಿಸಿ ಆಸುಪಾಸಿನ ಟೂ ಸ್ಟ್ರೋಕ್ ಔಟ್‌ಬೋರ್ಡ್, ಮೂವತ್ತು ಹಾರ್ಸ್‌ಪವರ್ ಚಿಲ್ಲರೆ. ದೋಣಿ ಮೂರು ಮೀಟರಿಗೂ ಸ್ವಲ್ಪ ಕಮ್ಮಿ ಉದ್ದ, ಪ್ಲೈವುಡ್‌ನದ್ದು. ಎರಡನ್ನೂ ಮಾಡಿಕೊಡುವುದು ಯಾಮಾತೊ ಎಂಬ ಒಂದೇ ಕಂಪನಿ. ಆದರೆ ಅಷ್ಟು ಹಗುರವಾದ ದೋಣಿಗೆ ಅಷ್ಟು ಶಕ್ತಿ ಸಾಕು. ನೀರಿನ ಮೇಲೆ ಎದ್ದು ಜಾರುತ್ತಾ ಗಂಟೆಗೆ 80 ಕಿಲೋಮೀಟರ್ ಹತ್ತಿರ ಹೋಗುತ್ತದೆ. ಬ್ರೇಕ್ ಇಲ್ಲ. ಗೇರ್ ಇಲ್ಲ. ಎಡಗೈಲಿ ಥ್ರಾಟಲ್, ಬಲಗೈಲಿ ಸ್ಟಿಯರಿಂಗ್, ಅಷ್ಟೇ.

ಒಂದು ರೇಸಿಗೆ ಆರು ದೋಣಿ. ಒಂದನೇ ನಂಬರು ಬಿಳಿ, ಎರಡು ಕಪ್ಪು, ಮೂರು ಕೆಂಪು, ನಾಲ್ಕು ನೀಲಿ, ಐದು ಹಳದಿ, ಆರು ಹಸಿರು. ದೇಶದಲ್ಲಿ ಇಂಥ 24 ಕ್ರೀಡಾಂಗಣಗಳಿವೆ. ಎಲ್ಲಿ ಹೋದರೂ ಬಣ್ಣ ಇದೇ. ನೀರಿನಲ್ಲಿ 300 ಮೀಟರ್ ಅಂತರದಲ್ಲಿ ಎರಡು ತಿರುವಿನ ಗುರುತು ತೇಲಿಬಿಟ್ಟಿರುತ್ತಾರೆ. ಅವುಗಳ ಸುತ್ತ ಎಡಕ್ಕೆ ತಿರುಗುತ್ತಾ ಮೂರು ಸುತ್ತು, ಒಟ್ಟು 1800 ಮೀಟರ್. ಎರಡು ನಿಮಿಷದ ಒಳಗೆ ಎಲ್ಲ ಮುಗಿದುಹೋಗುತ್ತದೆ. ಇನ್ನೂ ನಿಜ ಹೇಳಬೇಕೆಂದರೆ, ಹೆಚ್ಚಿನ ರೇಸುಗಳು ಮೊದಲ ತಿರುವಿನಲ್ಲೇ ಮುಗಿದಿರುತ್ತವೆ. ಮಿಕ್ಕ ಎರಡೂವರೆ ಸುತ್ತು ಎರಡನೆಯ, ಮೂರನೆಯ ಜಾಗಕ್ಕೆ ನಡೆಯುವ ಗುದ್ದಾಟ.

ಹಾಗಾಗಿ ದೋಣಿಗಳು ಸುಮ್ನೆ ಸುತ್ತಾಡುತ್ತಿದ್ದವು ಅಂದಿರಲ್ಲ, ಅದು ಸುತ್ತಾಟ ಅಲ್ಲ. ಅರ್ಧ ರೇಸು ಅಲ್ಲೇ ನಡೆಯುತ್ತಿರುತ್ತದೆ.

ಅಲ್ಲಿ ನಡೆಯುವುದು ಏನು ಗೊತ್ತಾ? ನೀರಿನ ಮೇಲೆ ದೋಣಿಯನ್ನು ಗೆರೆ ಹಾಕಿ ನಿಲ್ಲಿಸಲು ಬರುವುದಿಲ್ಲ. ಅಲೆ, ಗಾಳಿ ಎರಡೂ ತಳ್ಳುತ್ತಿರುತ್ತವೆ. ಅದಕ್ಕೆ ಅವರು ಓಡುತ್ತಾ ಓಡುತ್ತಾ ಗೆರೆ ದಾಟುವ ಪದ್ಧತಿ ಇಟ್ಟುಕೊಂಡಿದ್ದಾರೆ. ಎದುರು ದಡದಲ್ಲಿ ಒಂದು ದೊಡ್ಡ ಗಡಿಯಾರ ನೋಡಿರಬೇಕು. ಕೊನೆಯ 12 ಸೆಕೆಂಡಿಗೆ ಅದರಲ್ಲಿ ಬೇರೆಯದೇ ಮುಳ್ಳು ತಿರುಗಲು ಶುರುವಾಗುತ್ತದೆ. ಆ ಮುಳ್ಳು ಸೊನ್ನೆಗೆ ಬಂದ ಮೇಲೆ ಒಂದು ಸೆಕೆಂಡಿನ ಒಳಗೆ ದೋಣಿಯ ಮೂತಿ ಗೆರೆ ದಾಟಬೇಕು. ಸೊನ್ನೆಗೆ ಮುಂಚೆ ದಾಟಿದರೆ ಅವಸರ, ಒಂದು ಸೆಕೆಂಡಿಗಿಂತ ಆಮೇಲೆ ದಾಟಿದರೆ ತಡ. ಎರಡೂ ತಪ್ಪು. 80 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ 22 ಮೀಟರ್. ಒಂದು ಸೆಕೆಂಡಿನ ನೂರನೇ ಒಂದು ಪಾಲಿನಲ್ಲಿ ಒಂದು ಗೇಣು ದೂರ. ಒಳ್ಳೆಯ ಸವಾರರು ಸೊನ್ನೆ ಆದ ಮೇಲೆ ಸರಾಸರಿ 0.15 ಸೆಕೆಂಡಿಗೆ ಗೆರೆ ದಾಟುತ್ತಾರೆ. ಅಂದರೆ ಮುಳ್ಳು ಸೊನ್ನೆಗೆ ಬಂದ ಗಳಿಗೆಯಲ್ಲಿ ದೋಣಿ ಗೆರೆಯಿಂದ ಮೂರು ಮೀಟರ್ ಚಿಲ್ಲರೆ ಹಿಂದಿರುತ್ತದೆ, ಅದೂ ಪೂರ್ತಿ ವೇಗದಲ್ಲಿ. ನೂರಾರು ಸಲ ಓಡಿಸಿ ಓಡಿಸಿ ಮೈಗೆ ಹತ್ತಿದ ಲೆಕ್ಕ ಅದು.

ನಿಮ್ಮ ಮೂರನೇ ರೇಸಿನ ಕೆಂಪು ಅಂಗಿಯವನ ಕತೆ ಇಲ್ಲೇ ಇದೆ. ಅವನು ಸೊನ್ನೆಗೆ ಮುಂಚೆ ಗೆರೆ ದಾಟಿದ್ದಾನೆ. ಇದಕ್ಕೆ ಫ್ಲೈಯಿಂಗ್ ಅನ್ನುತ್ತಾರೆ, ಪಟ್ಟಿಯಲ್ಲಿ ಎಫ್ ಎಂದು ಬರೆಯುತ್ತಾರೆ. ಗೆರೆಯ ಮೇಲಿನ ಫೋಟೊ ನೋಡಿ ತೀರ್ಮಾನ ಮಾಡುತ್ತಾರೆ, ಅವನು ರೇಸಿನಿಂದ ಹೊರಗೆ ಹೋಗಬೇಕು. ಕುದುರೆ ರೇಸಿನಲ್ಲಿ ಸ್ಟಾರ್ಟ್ ಕೆಟ್ಟರೆ ಬಾಜಿ ಕಟ್ಟಿದವನ ಕರ್ಮ. ಇಲ್ಲಿ ಹಾಗಲ್ಲ. ಆ ದೋಣಿ ಸೇರಿದ್ದ ಟಿಕೆಟಿನ ದುಡ್ಡು ಪೂರ್ತಿ ವಾಪಸ್. ಒಂದನೇ ನಂಬರಿನವನೇ ಎಫ್ ಮಾಡಿಬಿಟ್ಟರೆ ಆ ರೇಸಿನಲ್ಲಿ ಮಾರಿದ ಟಿಕೆಟಿನಲ್ಲಿ ಬಹುಪಾಲು ಹಿಂದಕ್ಕೆ ಕೊಡಬೇಕಾಗುತ್ತದೆ, ನಡೆಸುವವರಿಗೆ ದೊಡ್ಡ ಹೊಡೆತ. ಅದಕ್ಕೇ ಸವಾರನಿಗೆ ಶಿಕ್ಷೆಯೂ ಬಿಗಿ. ಮೊದಲ ಎಫ್‌ಗೆ 30 ದಿನ ರೇಸ್ ಇಲ್ಲ. ಅದೇ ಆರು ತಿಂಗಳ ಅವಧಿಯಲ್ಲಿ ಎರಡನೆಯದಾದರೆ ಇನ್ನೂ 60 ದಿನ, ಮೂರನೆಯದಕ್ಕೆ ಇನ್ನೂ 90 ದಿನ. ರೇಸ್ ಇಲ್ಲ ಅಂದರೆ ಸಂಪಾದನೆ ಇಲ್ಲ. ಎಸ್‌ಜಿ ಎಂಬ ಮೇಲ್ದರ್ಜೆಯ ಸ್ಪರ್ಧೆಯ ಫೈನಲ್‌ನಲ್ಲಿ ಎಫ್ ಮಾಡಿದವನಿಗೆ ಒಂದು ವರ್ಷ ಆ ದರ್ಜೆಯ ಬಾಗಿಲೇ ಮುಚ್ಚುತ್ತದೆ. ಈಗಾಗಲೇ ಒಂದು ಎಫ್ ಹೆಸರಿಗೆ ಇರುವವನು ಸ್ಟಾರ್ಟಿನಲ್ಲಿ ಕೈ ಹಿಡಿದುಕೊಂಡೇ ಬರುತ್ತಾನೆ. ತಿಳಿದವರು ರೇಸಿನ ಪಟ್ಟಿ ಕೈಗೆ ಬಂದ ಕೂಡಲೇ ಹೆಸರಿನ ಪಕ್ಕ ಎಫ್ ಇದೆಯಾ ಅಂತ ನೋಡುವುದು ಈ ಕಾರಣಕ್ಕೆ.

ಈಗ ಬಿಳಿ ಅಂಗಿಯ ವಿಷಯ. ಒಂದನೇ ನಂಬರಿನವನಿಗೆ ಸಾಮಾನ್ಯವಾಗಿ ಎಲ್ಲಕ್ಕಿಂತ ಒಳಗಿನ ಸಾಲು ಸಿಗುತ್ತದೆ. ಸಾಮಾನ್ಯವಾಗಿ ಅಂದೆ, ಯಾಕೆಂದರೆ ನಂಬರು ಬೇರೆ, ಸಾಲು ಬೇರೆ. ಪಿಟ್, ಅಂದರೆ ದೋಣಿಗಳು ಹೊರಡುವ ಕಟ್ಟೆ, ಬಿಟ್ಟ ಮೇಲೆ ಒಂದೂವರೆ ನಿಮಿಷಕ್ಕೂ ಸ್ವಲ್ಪ ಜಾಸ್ತಿ ಹೊತ್ತು ಅವರು ಸುತ್ತಾಡುತ್ತಾರಲ್ಲ, ಆಗ ಆರನೇ ನಂಬರಿನವನು ಬೇಕಾದರೆ ನುಗ್ಗಿ ಒಳಗಿನ ಸಾಲು ಹಿಡಿಯಬಹುದು. ನಿಯಮ ಅದಕ್ಕೆ ಬಿಡುತ್ತದೆ. ಹಾಗಿದ್ದರೆ ಎಲ್ಲರೂ ಯಾಕೆ ನುಗ್ಗುವುದಿಲ್ಲ? ಈ ಆಟದಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದೇ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಗೆರೆಯ ಕಡೆ ಮುಖ ಮಾಡಿ ಸಾಲು ಹಿಡಿದ ದೋಣಿ ನಿಲ್ಲುವುದಿಲ್ಲ. ಎಂಜಿನ್ ಆಡುತ್ತಿರುತ್ತದೆ, ಪ್ರೊಪೆಲ್ಲರ್ ತಿರುಗುತ್ತಿರುತ್ತದೆ, ಇಂಚಿಂಚಾಗಿ ಮುಂದೆ ತೆವಳುತ್ತಲೇ ಇರುತ್ತದೆ. ಬೇಗ ಹೋಗಿ ಒಳಗಿನ ಜಾಗ ಹಿಡಿದವನು ಹೆಚ್ಚು ಹೊತ್ತು ತೆವಳಬೇಕು. ಅಂದರೆ ಗೆರೆಗೆ ತೀರಾ ಹತ್ತಿರ ಬಂದುಬಿಡುತ್ತಾನೆ, ವೇಗ ತುಂಬಿಕೊಳ್ಳಲು ಅವನಿಗೆ ದೂರವೇ ಉಳಿಯುವುದಿಲ್ಲ. ಒಳಗಿನ ಸಾಲು ಬೇಕು ಅಂದರೆ ಓಟದ ದೂರ ಬಿಟ್ಟುಕೊಡಬೇಕು. ಓಟದ ದೂರ ಬೇಕು ಅಂದರೆ ಹೊರಗಿನ ಸಾಲಿಗೆ ಒಪ್ಪಿಕೊಳ್ಳಬೇಕು. ಎರಡೂ ಒಟ್ಟಿಗೆ ಸಿಗುವುದಿಲ್ಲ. ಹೀಗಾಗಿ ಹೆಚ್ಚಿನ ದಿನ ಒಂದು, ಎರಡು, ಮೂರು ಒಳಗಿನ ಸಾಲಿನಲ್ಲಿ ತೆವಳುತ್ತವೆ. ನಾಲ್ಕು, ಐದು, ಆರು ಹಿಂದಕ್ಕೆ ಹೋಗಿ, ದೂರದಿಂದ ಪೂರ್ತಿ ಥ್ರಾಟಲ್ ಕೊಟ್ಟು ನುಗ್ಗಿ ಬರುತ್ತವೆ. ಮೊದಲ ಮೂವರನ್ನು ಸ್ಲೋ ಎಂದೂ ಹಿಂದಿನ ಮೂವರನ್ನು ಡ್ಯಾಶ್ ಎಂದೂ ಕರೆಯುತ್ತಾರೆ. ಯಾರೋ ಒಬ್ಬ ಹೊರಗಿನವನು ಹಟ ಹಿಡಿದು ಒಳಗೆ ನುಗ್ಗಿದರೆ, ಒಂದನೆಯವನು ಜಾಗ ಬಿಡುವ ಹಾಗಿಲ್ಲ, ಅವನೂ ಮುಂದೆ ಮುಂದೆ ತೆವಳಬೇಕಾಗುತ್ತದೆ. ಆಗ ಒಳಗಿನವರೆಲ್ಲ ಗೆರೆಯ ಹತ್ತಿರ ಸಿಕ್ಕಿಕೊಳ್ಳುತ್ತಾರೆ, ಹಿಂದೆ ನಿಂತ ಡ್ಯಾಶ್ ದೋಣಿಗಳಿಗೆ ಹಬ್ಬ. ಅಂಥ ರೇಸಿನಲ್ಲಿ ಬಿಳಿಯವನನ್ನು ನಂಬಿದವರ ಎದೆ ಢವಢವ ಅನ್ನುತ್ತಿರುತ್ತದೆ.

ಎಲ್ಲ ಸರಿಯಾಗಿ ನಡೆದರೆ ಮಾತ್ರ ಒಳಗಿನವನದೇ ಮೇಲುಗೈ. ತಿರುವಿಗೆ ಅವನ ದಾರಿ ಎಲ್ಲರಿಗಿಂತ ಚಿಕ್ಕದು. ಅವನ ಮುಂದೆ ಶುದ್ಧ ನೀರು. ಹಿಂದೆ ಬರುವವರು ಅವನು ಎಬ್ಬಿಸಿದ ಅಲೆಯ ಮೇಲೆ ಓಡಬೇಕು. ಅಲೆ, ಗುಳ್ಳೆಗಳ ನೀರಿನಲ್ಲಿ ಪ್ರೊಪೆಲ್ಲರ್‌ಗೆ ಹಿಡಿತ ಸಿಗುವುದಿಲ್ಲ, ದೋಣಿ ಕುಣಿದಾಡುತ್ತದೆ. ಅದಕ್ಕೇ ಮುಂದೆ ಹೋದವನನ್ನು ಆಮೇಲೆ ಹಿಡಿಯುವುದು ಕಷ್ಟ. ಇಡೀ ಜಪಾನಿನ ಲೆಕ್ಕ ತೆಗೆದರೆ ಒಂದನೇ ಸಾಲಿನವನು ನೂರಕ್ಕೆ ಸುಮಾರು 55 ಸಲ ಗೆಲ್ಲುತ್ತಾನೆ, ಆರನೇ ಸಾಲಿನವನು ಮೂರು ಸಲ ಗೆದ್ದರೆ ಹೆಚ್ಚು. ಆದರೆ ನೀರು ಎಲ್ಲ ಕಡೆ ಒಂದೇ ಅಲ್ಲ. ನಾಗಸಾಕಿ ಪ್ರಾಂತ್ಯದ ಓಮುರಾದಲ್ಲಿ ಒಳಗಿನವನ ಗೆಲುವು ನೂರಕ್ಕೆ 60 ದಾಟುತ್ತದೆ. ತೋದಾ ಇಕ್ಕಟ್ಟಿನ ಜಾಗ, ಎದೋಗಾವಾ ಹರಿಯುವ ನದಿಯಲ್ಲೇ ಇದೆ, ಉಬ್ಬರ ಇಳಿತ ಬೇರೆ. ಅಲ್ಲೆಲ್ಲ ಒಳಗಿನವನಿಗೆ ಅಷ್ಟು ಸುಲಭ ಇಲ್ಲ. ನೀವು ನೋಡಿದ ಹೇವಾಜಿಮಾ ಕೂಡ ಅದೇ ಗುಂಪಿನದು. ಸಮುದ್ರದ ನೀರು, ಸುತ್ತ ಎತ್ತರದ ಕಟ್ಟಡಗಳು, ಅವುಗಳ ನಡುವೆ ದಿಕ್ಕು ಬದಲಿಸಿ ನುಗ್ಗುವ ಗಾಳಿ. ಅಲ್ಲಿ ನಾಲ್ಕರಲ್ಲಿ ಎರಡು ಬಿಳಿಯವನಿಗೆ ಹೋದದ್ದು ತಕ್ಕ ಲೆಕ್ಕವೇ.

ಗೆಲ್ಲುವ ಬಗೆಗಳಿಗೂ ಹೆಸರಿದೆ. ಒಳಗಿನವನು ಮೊದಲು ತಿರುಗಿ ಹಾಗೇ ಓಡಿಹೋದರೆ ಅದು ನಿಗೆ, ತಪ್ಪಿಸಿಕೊಂಡು ಹೋಗುವುದು. ಅವನು ತಿರುವಿನಲ್ಲಿ ಸ್ವಲ್ಪ ಅಗಲಕ್ಕೆ ಹೋದಾಗ ಹಿಂದಿನವನು ಒಳಗಿನ ಸಂದಿನಲ್ಲಿ ತೂರಿದರೆ ಸಾಶಿ, ಚುಚ್ಚುವುದು. ಹೊರಗಿನವನು ವೇಗದಿಂದ ಬಂದು ಎಲ್ಲರ ಮೇಲಿಂದ ಸುತ್ತಿ ಹಾಕಿದರೆ ಮಾಕುರಿ. ಕೆಲವರನ್ನು ಹೊರಗಿನಿಂದ ದಾಟಿ, ಕೊನೆಗೆ ಒಬ್ಬನ ಒಳಗೆ ತೂರುವುದು ಮಾಕುರಿ‌ಝಾಶಿ, ನೋಡಲು ಇದರಷ್ಟು ಚೆಂದ ಬೇರೆ ಇಲ್ಲ.

ನಿಮ್ಮ ನೀಲಿ ಅಂಗಿಯವನು ಗೆದ್ದದ್ದು ಬಹುಶಃ ಮಾಕುರಿಯಿಂದ. ನಾಲ್ಕನೇ ಸಾಲು ಡ್ಯಾಶ್ ದೋಣಿಗಳಲ್ಲಿ ಎಲ್ಲಕ್ಕಿಂತ ಒಳಗಿನದು. ಅದಕ್ಕೆ ಕಾದೊ ಅನ್ನುತ್ತಾರೆ, ಮೂಲೆ ಎಂದರ್ಥ. ಅವನ ಒಳಗಡೆ ಪಕ್ಕದಲ್ಲಿರುವ ಮೂರನೆಯವನು ನಿಧಾನದ ಸ್ಟಾರ್ಟಿನವನು. ಈ ಮೂರನೆಯವನು ಸರಿಯಾದ ಹೊತ್ತಿಗೆ ಗೆರೆಗೆ ಬಂದರೆ ಒಳಗಿನವರಿಗೆ ಗೋಡೆಯಂತೆ ನಿಲ್ಲುತ್ತಾನೆ, ನಾಲ್ಕನೆಯವನು ದಾಟಲಾರ. ಜಪಾನಿನವರೂ ಅದನ್ನು ಗೋಡೆ ಎಂದೇ ಕರೆಯುತ್ತಾರೆ. ಮೂರನೆಯವನು ಅರ್ಧ ದೋಣಿ ಹಿಂದೆ ಬಿದ್ದನೋ, ಗೋಡೆ ಬಿತ್ತು. ದೂರದಿಂದ ವೇಗ ತುಂಬಿಕೊಂಡು ಬಂದ ನೀಲಿಯವನು ಮೂವರ ಮೂತಿಯ ಮುಂದೆಯೇ ಹಾದು ತಿರುವಿಗೆ ಇಳಿಯುತ್ತಾನೆ. ಎದುರುಗಾಳಿ ಇದ್ದ ದಿನ ಹೀಗಾಗುವುದು ಜಾಸ್ತಿ, ಯಾಕೆಂದರೆ ಕಡಿಮೆ ದೂರದಿಂದ ಹೊರಟವರಿಗೆ ವೇಗ ಕೂಡುವುದೇ ಇಲ್ಲ.

ತಿರುವಿನಲ್ಲಿ ಸವಾರನನ್ನು ಗಮನಿಸಿದಿರಾ? ಹಿಂದೆ ಮಂಡಿಯೂರಿ ಕೂತೇ ತಿರುಗಿಸುತ್ತಿದ್ದರು. ಈಗ ಎದ್ದು, ಸೊಂಟ ಮೇಲೆತ್ತಿ, ದೋಣಿಯ ಬದಿಯನ್ನು ಕಾಲಿನಿಂದ ಒದ್ದು ಹಿಡಿದುಕೊಂಡು ಮೈಯನ್ನು ಒಳಕ್ಕೆ ಹಾಕುತ್ತಾರೆ. ಕೋತಿ ಕೂತಂತೆ ಕಾಣುತ್ತದೆ ಎಂದು ಮಂಕಿ ಟರ್ನ್ ಎಂದು ಹೆಸರಾಯಿತು. ಬ್ರೇಕ್ ಇಲ್ಲದ ದೋಣಿ, ಪಕ್ಕದಲ್ಲಿ ಐದು ದೋಣಿ, ಕಣ್ಣಿಗೆ ನೀರಿನ ತುಂತುರು. ಬೀಳುತ್ತಾರೆ. ಬಿದ್ದವರ ಮೇಲೆ ಹಿಂದಿನ ದೋಣಿ ಬರುವುದೂ ಉಂಟು, ಸಾವುಗಳೂ ಆಗಿವೆ. ಹೆಲ್ಮೆಟ್ಟು, ಲೈಫ್ ಜಾಕೆಟ್ಟು, ಪ್ರೊಪೆಲ್ಲರ್‌ಗೆ ಸಿಕ್ಕರೂ ಬೇಗ ಹರಿಯದ ಗಟ್ಟಿ ಬಟ್ಟೆಯ ಪ್ಯಾಂಟು ಹಾಕಿರುತ್ತಾರೆ. ಇದು ಪೂರ್ತಿ ಜೂಜು, ಸವಾರರದ್ದೇನಿದೆ ಅನ್ನುವವರ ಮಾತು ನನಗೆ ಹಿಡಿಸುವುದಿಲ್ಲ.

ಆ ಸವಾರರ ಬಗ್ಗೆ ನಾಲ್ಕು ಮಾತು. ಸುಮಾರು 1600 ಮಂದಿ ಇದ್ದಾರೆ. ಫುಕುಓಕಾ ಪ್ರಾಂತ್ಯದ ಯಾನಾಗಾವಾದಲ್ಲಿ ಶಾಲೆ ಇದೆ, ಒಂದು ವರ್ಷ ಅಲ್ಲೇ ಇದ್ದು ಕಲಿಯಬೇಕು. ಎ1, ಎ2, ಬಿ1, ಬಿ2 ಎಂದು ನಾಲ್ಕು ದರ್ಜೆ, ವರ್ಷಕ್ಕೆ ಎರಡು ಸಲ ಅಂಕ ನೋಡಿ ಬದಲಾಯಿಸುತ್ತಾರೆ. ಮೇಲಿನ ಎ1 ದರ್ಜೆ ಸಿಗುವುದು ಐವರಲ್ಲಿ ಒಬ್ಬರಿಗೆ. ಗಂಡಸರೂ ಹೆಂಗಸರೂ ಒಂದೇ ರೇಸಿನಲ್ಲಿ ಸಮಕ್ಕೆ ಸಮ ಓಡುತ್ತಾರೆ. ತೂಕದಲ್ಲಿ ಮಾತ್ರ ಕನಿಷ್ಠ ಮಿತಿ ಬೇರೆ: ಗಂಡಸರಿಗೆ 52 ಕಿಲೋ, ಹೆಂಗಸರಿಗೆ 47. ಕಮ್ಮಿ ಇದ್ದವರು ಜಾಕೆಟ್ಟಿನಲ್ಲಿ ಭಾರ ತುಂಬಿಕೊಳ್ಳಬೇಕು. 2022ರ ಮಾರ್ಚಿನಲ್ಲಿ ಓಮುರಾದಲ್ಲಿ ಎಂಡೊ ಎಮಿ ಎಸ್‌ಜಿ ದರ್ಜೆಯ ಸ್ಪರ್ಧೆ ಗೆದ್ದರು. ಎಪ್ಪತ್ತು ವರ್ಷದಲ್ಲಿ ಒಬ್ಬ ಹೆಣ್ಣುಮಗಳು ಎಸ್‌ಜಿ ಗೆದ್ದದ್ದು ಅದೇ ಮೊದಲು. ಬಿಳಿ ಅಂಗಿ, ಒಂದನೇ ಸಾಲು, ನಿಗೆ. ಆ ರೇಸನ್ನು ನಾನು ಎಷ್ಟು ಸಲ ಹಾಕಿ ನೋಡಿದ್ದೇನೋ ಲೆಕ್ಕ ಇಲ್ಲ.

ಎಂಜಿನ್ ಯಾರದು ಎಂಬುದೂ ತಿಳಿದಿರಲಿ, ಬಾಜಿ ಕಟ್ಟುವವರ ಅರ್ಧ ತಲೆ ಓಡುವುದು ಅಲ್ಲೇ. ದೋಣಿಯಾಗಲಿ ಎಂಜಿನ್ ಆಗಲಿ ಸವಾರನ ಸ್ವಂತದ್ದಲ್ಲ. ಕ್ರೀಡಾಂಗಣದವರದು. ಸ್ಪರ್ಧೆಯ ಹಿಂದಿನ ದಿನ ಚೀಟಿ ಎತ್ತಿ ಹಂಚುತ್ತಾರೆ. ಬಂದದ್ದನ್ನೇ ಆ ಐದಾರು ದಿನ ಓಡಿಸಬೇಕು. ಒಂದೇ ಕಂಪನಿ, ಒಂದೇ ಅಳತೆ, ಆದರೂ ಎಂಜಿನ್ ಎಂಜಿನ್ನಿಗೂ ಗುಣ ಬೇರೆ. ಇದನ್ನು ಮಲ್ಪೆಯ ಮೆಕ್ಯಾನಿಕ್ ಯಾರನ್ನು ಕೇಳಿದರೂ ಒಪ್ಪುತ್ತಾರೆ. ಒಂದು ವರ್ಷ ಅದೇ ಎಂಜಿನ್ ಕೈಯಿಂದ ಕೈಗೆ ಹೋಗುತ್ತದೆ. ಪ್ರತಿ ಎಂಜಿನ್ ನೂರಕ್ಕೆ ಎಷ್ಟು ಸಲ ಮೊದಲ ಎರಡರಲ್ಲಿ ಬಂತು ಎಂಬ ಲೆಕ್ಕ ಪಟ್ಟಿಯಲ್ಲಿ ಇರುತ್ತದೆ. ಆರರಲ್ಲಿ ಎರಡು ಅಂದರೆ ಸರಾಸರಿ 33. ನಲವತ್ತು ದಾಟಿದ ಎಂಜಿನ್ ಚೀಟಿಯಲ್ಲಿ ಬಂದರೆ ಸವಾರನ ಮುಖ ಅರಳುತ್ತದೆ.

ಬಂದ ಎಂಜಿನ್ ಹೇಗೇ ಇರಲಿ, ಸವಾರನ ಕೈಯಲ್ಲಿರುವುದು ಪ್ರೊಪೆಲ್ಲರ್. 2012ರವರೆಗೆ ಸವಾರರು ತಮ್ಮ ಸ್ವಂತ ಪ್ರೊಪೆಲ್ಲರ್ ತರುತ್ತಿದ್ದರು. ಈಗ ಅದೂ ಎಂಜಿನ್ ಜೊತೆಗೇ ಬರುತ್ತದೆ, ಆದರೆ ಬಡಿದು ತಿದ್ದಲು ಬಿಡುತ್ತಾರೆ. ರೇಸು ರೇಸಿನ ನಡುವೆ ಕೂತು ಸುತ್ತಿಗೆ ಹಿಡಿದು ಎಲೆಯಂಥ ಆ ತಗಡನ್ನು ಟಕ್ ಟಕ್ ಎಂದು ಬಡಿಯುತ್ತಾರೆ, ಅಳತೆಪಟ್ಟಿ ಇಟ್ಟು ನೋಡುತ್ತಾರೆ, ಮತ್ತೆ ಒಂದು ಏಟು. ನಮ್ಮೂರ ಕಂಚುಗಾರರು ಪಾತ್ರೆಯ ಅಂಚು ತಿದ್ದುವ ಹಾಗೆ. ಕೂದಲೆಳೆಯಷ್ಟು ಬಾಗು ಬದಲಾದರೆ ಸ್ಟಾರ್ಟಿನಲ್ಲಿ ಎಳೆತ ಬರುತ್ತದೆ, ನೇರ ದಾರಿಯಲ್ಲಿ ವೇಗ ಹೋಗುತ್ತದೆ. ಇಲ್ಲವೇ ಅದರ ಉಲ್ಟಾ. ಪ್ರತಿ ರೇಸಿಗೆ ಮುಂಚೆ ಜನರೆದುರು ಒಂದು ಪ್ರದರ್ಶನ ಓಟ ಇರುತ್ತದೆ. ಅದರಲ್ಲಿ 150 ಮೀಟರನ್ನು ಎಷ್ಟು ಸೆಕೆಂಡಿಗೆ ಓಡಿದರು ಎಂದು ಬೋರ್ಡಿನಲ್ಲಿ ಹಾಕುತ್ತಾರೆ. 6.70, 6.75 ಹೀಗೆ. ಸುತ್ತಿಗೆ ಏಟು ಫಲಿಸಿತೋ ಇಲ್ಲವೋ ಅಲ್ಲಿ ಗೊತ್ತಾಗುತ್ತದೆ.

ಈಗ ದುಡ್ಡಿನ ಲೆಕ್ಕ. ನೀವು ಬ್ಯಾಂಕಿನವರು, ಕೂಡಲೇ ಹಿಡಿಯುತ್ತೀರಿ. ಟಿಕೆಟ್ 100 ಯೆನ್‌ನಿಂದ ಶುರು. ಮೊದಲು ಬರುವವನನ್ನು ಹೇಳಬಹುದು, ಮೊದಲ ಇಬ್ಬರನ್ನು ಕ್ರಮವಾಗಿ ಅಥವಾ ಕ್ರಮ ಬಿಟ್ಟು ಹೇಳಬಹುದು, ಮೂವರನ್ನೂ ಹಾಗೇ. ಒಟ್ಟು ಏಳು ಬಗೆ. ಜನ ಮುಗಿಬೀಳುವುದು ಮೊದಲ ಮೂವರನ್ನು ಕ್ರಮವಾಗಿ ಹೇಳುವ ಸಾನ್ರೆಂತಾನ್ ಎಂಬುದಕ್ಕೆ. ಆರು ದೋಣಿಯಲ್ಲಿ ಅದಕ್ಕೆ 120 ಜೋಡಣೆ. ಇಲ್ಲಿ ಬುಕ್ಕಿ ಇಲ್ಲ. ಬೆಂಗಳೂರು ಟರ್ಫ್ ಕ್ಲಬ್ಬಿನ ಟೋಟ್ ಥರ, ಎಲ್ಲರ ದುಡ್ಡೂ ಒಂದೇ ರಾಶಿಗೆ ಬೀಳುತ್ತದೆ. ಅದರಲ್ಲಿ ನೂರಕ್ಕೆ 25 ಮೊದಲೇ ತೆಗೆದಿಡುತ್ತಾರೆ. ಉಳಿದ 75 ಮಾತ್ರ ಗೆದ್ದ ಟಿಕೆಟುಗಳಿಗೆ ಹಂಚಿಕೆ.

ಉದಾಹರಣೆಗೆ ಒಂದು ರೇಸಿನ ಸಾನ್ರೆಂತಾನ್‌ಗೆ 10 ಲಕ್ಷ ಯೆನ್ ಬಿತ್ತು ಅನ್ನಿ. ಹಂಚಲು ಇರುವುದು ಏಳೂವರೆ ಲಕ್ಷ. 1-2-3 ಎಂದು ಒಂದು ಲಕ್ಷ ಯೆನ್ ಹಾಕಿದ್ದಾರೆ. ಅದು ಬಂದರೆ 100 ಯೆನ್ನಿಗೆ 750. ನಿಮ್ಮ ಪಕ್ಕದವರ ಥರ ನಾಲ್ಕು ಮುಂದಿಟ್ಟು ಬೇರೆ ಜೋಡಣೆ ಹಾಕಿದವರು ಬರೀ ಎಂಟು ಸಾವಿರ ಯೆನ್ನಿನವರು ಇದ್ದರೆ, 100 ಯೆನ್ನಿಗೆ 9,375. ಅಂದರೆ ಬೆಲೆ ಕಟ್ಟುವುದು ದೋಣಿ ಅಲ್ಲ, ಜನ. ನೀವು ಆಡುವುದು ಸವಾರನ ಎದುರಲ್ಲ, ಸ್ಟ್ಯಾಂಡಿನಲ್ಲೂ ಫೋನ್ ಹಿಡಿದು ಮನೆಯಲ್ಲೂ ಕೂತ ಮಿಕ್ಕ ಜನರ ಎದುರು.

ಬಿಳಿಯವನ ಮೇಲೇ ಹಾಕುತ್ತಾ ಹೋದರೆ? ಅವನು ನೂರಕ್ಕೆ 55 ಗೆಲ್ಲುತ್ತಾನೆ ಎಂಬುದು ನಿಮಗೆ ಗೊತ್ತಾದಷ್ಟೇ ಅಲ್ಲಿನ ಎಲ್ಲರಿಗೂ ಗೊತ್ತು. ಜನ ಸರಿಯಾಗಿ ಅಂದಾಜು ಮಾಡಿ ದುಡ್ಡು ಹಾಕಿದ್ದರೆ, ಗೆದ್ದಾಗ 100 ಯೆನ್ನಿಗೆ ಸಿಗುವುದು ಸುಮಾರು 136. ನೂರು ರೇಸಿಗೆ 10,000 ಹಾಕುತ್ತೀರಿ, 55 ಸಲ ಗೆದ್ದು 7,480 ತರುತ್ತೀರಿ. ಹೋದದ್ದು ಆ 25ರ ಪಾಲು. ಯಾವ ದೋಣಿ ಹಿಡಿದರೂ, ಎಷ್ಟು ವರ್ಷ ಆಡಿದರೂ, ಈ 25 ಪ್ರತಿ ಟಿಕೆಟಿಗೂ ಅಂಟಿಕೊಂಡೇ ಇರುತ್ತದೆ. ಅದನ್ನು ಮೀರಿ ಗೆಲ್ಲಬೇಕಾದರೆ ಬೇರೆಯವರಿಗಿಂತ ತುಂಬಾ ಚೆನ್ನಾಗಿ ಅಂದಾಜು ಮಾಡಬೇಕು, ಒಂದೆರಡು ಸಲ ಅಲ್ಲ, ಸದಾ. ಅಂಥವರು ಬೆರಳೆಣಿಕೆ.

ಆ 25 ಎಲ್ಲಿಗೆ ಹೋಗುತ್ತದೆ? ಜಪಾನಿನಲ್ಲಿ ಜೂಜು ಅಪರಾಧ. ರೇಸುಗಳ ಪೈಕಿ ಕುದುರೆ, ಸೈಕಲ್, ಮೋಟರ್‌ಸೈಕಲ್, ಬೋಟ್ ಈ ನಾಲ್ಕಕ್ಕೆ ಮಾತ್ರ ಬೇರೆ ಬೇರೆ ಕಾನೂನು ಮಾಡಿ ಬಿಟ್ಟಿದ್ದಾರೆ, ನಡೆಸುವುದು ಸರ್ಕಾರಿ ಕೈಗಳು. ಬೋಟ್ ರೇಸಿನ ಕಾನೂನು 1951ರ ಜೂನ್‌ನಲ್ಲಿ ಬಂತು. ಯುದ್ಧದಲ್ಲಿ ಬೂದಿಯಾದ ಊರುಗಳಿಗೆ ದುಡ್ಡು ಬೇಕಿತ್ತು, ಹಡಗು ಕಟ್ಟುವ ಉದ್ಯಮಕ್ಕೂ ಬೇಕಿತ್ತು. ಮೇಲ್ಮನೆ ಮಸೂದೆಯನ್ನು ಬಿಸಾಡಿತ್ತು, ಕೆಳಮನೆ ಮತ್ತೆ ಮತಕ್ಕೆ ಹಾಕಿ ಪಾಸು ಮಾಡಿತು. ಮೊದಲ ರೇಸ್ ಓಮುರಾದಲ್ಲಿ, 1952ರ ಏಪ್ರಿಲ್ 6ರಂದು. ಇಂದಿಗೂ ರೇಸ್ ನಡೆಸುವುದು ಊರ ಆಡಳಿತಗಳೇ. ಹೇವಾಜಿಮಾದ್ದು ಟೋಕಿಯೊದ ಪಶ್ಚಿಮ ಕಡೆಯ ಫುಚೂ ನಗರದ್ದು. 25ರಲ್ಲಿ ನಡೆಸುವ ಖರ್ಚು, ಸವಾರರ ಬಹುಮಾನ ಕಳೆದು ಉಳಿದದ್ದು ಆ ಊರಿನ ಬೊಕ್ಕಸಕ್ಕೆ. ಇನ್ನೊಂದು ಸಣ್ಣ ಪಾಲು, ಮಾರಾಟದ ನೂರಕ್ಕೆ ಎರಡೂವರೆ ಆಸುಪಾಸು, ನಿಪ್ಪೋನ್ ಫೌಂಡೇಶನ್ ಎಂಬ ಸಂಸ್ಥೆಗೆ.

ಈ ಸಂಸ್ಥೆಯ ವಿಷಯ ನಮಗೂ ತಟ್ಟುತ್ತದೆ. ಇದನ್ನು 1962ರಲ್ಲಿ ಕಟ್ಟಿದವರು ರಿಯೋಯಿಚಿ ಸಾಸಕಾವಾ. ಯುದ್ಧಾಪರಾಧದ ಆರೋಪದಲ್ಲಿ ಸೆರೆಯಲ್ಲಿದ್ದು, ವಿಚಾರಣೆ ಇಲ್ಲದೆ 1948ರಲ್ಲಿ ಬಿಡುಗಡೆ ಆದವರು, ಬೋಟ್ ರೇಸನ್ನು ತಂದವರೂ ಅವರೇ. ಅವರ ಬಗ್ಗೆ ಜಪಾನಿನಲ್ಲೇ ಬಿಸಿ ಮಾತುಗಳಿವೆ. ಆದರೆ 1995ರಿಂದ ಐದು ವರ್ಷ ಜಗತ್ತಿನ ಕುಷ್ಠರೋಗಿಗಳಿಗೆ ಔಷಧ ಪುಕ್ಕಟೆ ಸಿಕ್ಕಿದ್ದು ಈ ಸಂಸ್ಥೆ ಕೊಟ್ಟ 5 ಕೋಟಿ ಡಾಲರಿನಿಂದ. ರೋಗಿಗಳ ಸಂಖ್ಯೆಯಲ್ಲಿ ಆಗ ನಮ್ಮ ದೇಶವೇ ಮುಂದಿತ್ತು. ಅವರ ಮಗ ಯೋಹೇ ಸಾಸಕಾವಾ ಅವರಿಗೆ ಕುಷ್ಠರೋಗದ ಕೆಲಸಕ್ಕಾಗಿ ಭಾರತ ಸರ್ಕಾರ 2018ರ ಗಾಂಧಿ ಶಾಂತಿ ಪ್ರಶಸ್ತಿ ಕೊಟ್ಟಿತು. ಹೇವಾಜಿಮಾದಲ್ಲಿ ಯಾರೋ ಸೋತ ನೂರು ಯೆನ್ನಿನ ಒಂದು ಚೂರು ಅಷ್ಟು ದೂರ ಹರಿದು ಬಂದಿದೆ ಎಂಬುದನ್ನು ನೆನೆದರೆ ನನಗೆ ಇಂದಿಗೂ ಮಾತು ಹೊರಡುವುದಿಲ್ಲ.

ಮೊದಲೇ ಮಾತಾಡಿಕೊಂಡ ಆಟವೇ ಎಂದು ಕೇಳಿದಿರಿ. ಅಲ್ಲ. ಅಂಥದ್ದು ಆಗೇ ಇಲ್ಲ ಎಂದೂ ಹೇಳಲಾರೆ. ಸ್ಪರ್ಧೆ ನಡೆಯುವಷ್ಟು ದಿನ ಸವಾರರು ಒಳಗೇ ಇರಬೇಕು, ಫೋನ್ ಒಪ್ಪಿಸಬೇಕು, ಹೊರಗಿನವರ ಜೊತೆ ಮಾತಿಲ್ಲ. ಸವಾರರು ಟಿಕೆಟ್ ಕೊಳ್ಳುವುದಕ್ಕೂ ಕಾನೂನಿನಲ್ಲೇ ತಡೆ ಇದೆ. ಹಾಗಿದ್ದೂ 2020ರ ಜನವರಿಯಲ್ಲಿ ಒಬ್ಬ ಮಾಜಿ ಸವಾರನನ್ನು ಬೇಕೆಂದೇ ಹಿಂದೆ ಬಿದ್ದ ಆರೋಪದ ಮೇಲೆ ಹಿಡಿದರು, ಜೈಲು ಶಿಕ್ಷೆಯೂ ಆಯಿತು. ಬಿಳಿಯವನು ಪದೇ ಪದೇ ಗೆಲ್ಲುವುದು ಮಾತ್ರ ಮೋಸದಿಂದಲ್ಲ, ನೀರಿನಿಂದ. ಜೊತೆಗೆ ಇನ್ನೊಂದು ಕಾರಣ ಇದೆ. ಕೆಲವು ರೇಸುಗಳಲ್ಲಿ ನಡೆಸುವವರೇ ಎ ದರ್ಜೆಯ ಸವಾರನನ್ನು ಒಂದನೇ ನಂಬರಿಗೆ, ಬಿ ದರ್ಜೆಯವರನ್ನು ಮಿಕ್ಕವಕ್ಕೆ ಹಾಕುತ್ತಾರೆ. ಇದು ಗುಟ್ಟಲ್ಲ, ಪಟ್ಟಿಯಲ್ಲೇ ಕಾಣುತ್ತದೆ. ಹೊಸಬರಿಗೆ ಊಹಿಸಲು ಸುಲಭ ಆಗಲಿ ಎಂದು.

ಮಗನ ಬಗ್ಗೆ ನಿಮ್ಮ ಭಯ ಸುಮ್ಮನೆ ಅಲ್ಲ. ವ್ಯವಹಾರ ಸಣ್ಣದಲ್ಲ. 1991ರ ಹೊತ್ತಿಗೆ ವರ್ಷದ ಮಾರಾಟ 2.2 ಲಕ್ಷ ಕೋಟಿ ಯೆನ್ ಇತ್ತು. ಆಮೇಲೆ ಇಳಿದು ಇಳಿದು 2010ರ ಸುಮಾರಿಗೆ 84 ಸಾವಿರ ಕೋಟಿಗೆ ಬಂತು. 2021ರಲ್ಲಿ ಹಳೆಯದನ್ನೂ ಮೀರಿ 2.39 ಲಕ್ಷ ಕೋಟಿ. ಎತ್ತಿ ನಿಲ್ಲಿಸಿದ್ದು ಫೋನ್. ಈಗ ಹೆಚ್ಚಿನ ಬಾಜಿ ಬೀಳುವುದು ಫೋನಿನಲ್ಲಿ. ಬೆಳಗಿನಿಂದ ರಾತ್ರಿಯವರೆಗೆ ಯಾವುದಾದರೂ ಕ್ರೀಡಾಂಗಣದಲ್ಲಿ ರೇಸ್ ಇರುತ್ತದೆ, ಒಂದೊಂದು ಕಡೆ ದಿನಕ್ಕೆ 12. ಅಪಾಯ ಇರುವುದು ಅಲ್ಲಿ. ಭಾನುವಾರ ಅಪ್ಪನನ್ನು ಕರೆದುಕೊಂಡು ಬಂದು ನೂರಿನ್ನೂರು ಯೆನ್ ಹಾಕಿ, ಜೊತೆಗೆ ಕೂತು ಊಟ ಮಾಡಿ ಹೋಗುವವನ ಬಗ್ಗೆ ನಾನು ಹೆದರುವುದಿಲ್ಲ. ರಾತ್ರಿ ಒಬ್ಬನೇ ಕೂತು, ಸೋತದ್ದನ್ನು ಮುಂದಿನ ರೇಸಿನಲ್ಲಿ ಎತ್ತುತ್ತೇನೆ ಎನ್ನುವವನ ಬಗ್ಗೆ ಹೆದರುತ್ತೇನೆ. ಅಂಥವರನ್ನು ಹತ್ತಿರದಿಂದ ಕಂಡಿದ್ದೇನೆ. ಮಗನನ್ನು ನೇರವಾಗಿ ಕೇಳಿ: ಸ್ಟ್ಯಾಂಡಿನಲ್ಲಿ ಆಡುತ್ತೀಯಾ, ಫೋನಿನಲ್ಲಿ ಆಡುತ್ತೀಯಾ? ತಿಂಗಳಿಗೆ ಎಷ್ಟು? ಉತ್ತರ ಕೊಡಲು ಅವನು ತಡವರಿಸಿದರೆ ಎಚ್ಚರ ಆಗಿ. ಆನ್‌ಲೈನ್ ಖಾತೆಯನ್ನು ಅವನೇ ಅರ್ಜಿ ಕೊಟ್ಟು ನಿಲ್ಲಿಸಬಹುದು, ಮನೆಯವರ ಅರ್ಜಿಗೂ ದಾರಿ ಇದೆ.

ಮುಂದಿನ ಸಲ ಹೋದಾಗ ಸ್ಟ್ಯಾಂಡಿನ ನಡುವೆ ಕೂರಬೇಡಿ. ನೀರಿಗೆ ಮುಖ ಮಾಡಿ ಬಲಗಡೆಗೆ ನಡೆಯಿರಿ, ಮೊದಲ ತಿರುವಿನ ಗುರುತು ಎದುರಿಗೆ ಬರುವವರೆಗೆ. ಪ್ರದರ್ಶನ ಓಟ ನೋಡಿ, ಬಾವುಟ ಯಾವ ಕಡೆ ಹಾರುತ್ತಿದೆ ನೋಡಿ. ಗಡಿಯಾರದ 12 ಸೆಕೆಂಡಿನ ಮುಳ್ಳು ತಿರುಗಲು ಶುರುವಾದಾಗ ಬಿಳಿಯವನನ್ನು ಬಿಟ್ಟು ಮೂರನೆಯವನ ಮೇಲೆ ಕಣ್ಣಿಡಿ. ಅವನ ಮೂತಿ ಎರಡನೆಯವನ ಸಮಕ್ಕೆ ಇದೆಯಾ, ಹಿಂದೆ ಉಳಿದಿದೆಯಾ? ಆಮೇಲೆ ಎಡಕ್ಕೆ ನೋಡಿ. ನೀಲಿಯವನು ಬರುತ್ತಿರುತ್ತಾನೆ.